ಧೂಳಿಗೆ ನಾಲ್ಕು ಲಕ್ಷ

ಧರ್ಮಣ್ಣ ಮಾಡಿದ ತಪ್ಪು ಒಂದೇ. ಅಪ್ಪನ ಹಳೇ ವಾಚಿಗೆ ಹರಾಜಿನಲ್ಲಿ ನಾಲ್ಕು ಲಕ್ಷ ಬರಬಹುದು ಎಂದು ಬಾಗಿಲು ತೆರೆದಿಟ್ಟುಕೊಂಡೇ ಹೆಂಡತಿಗೆ ಹೇಳಿದ. ಮುಂಬಯಿಯ ವಿಲೆ ಪಾರ್ಲೆಯಲ್ಲಿ, ಒಂದಕ್ಕೊಂದು ಅಂಟಿದ ಮನೆಗಳ ಆ ಚಾಳಿನಲ್ಲಿ ನಲ್ಲಿಯ ನೀರು ಎಲ್ಲರ ಮನೆಗೆ ಮುಟ್ಟುವುದಿಲ್ಲ, ಮಾತು ಮಾತ್ರ ಮುಟ್ಟುತ್ತದೆ.

ಧರ್ಮಣ್ಣ ಅಂಧೇರಿಯ ಒಂದು ಬಿಲ್ಡಿಂಗಿನಲ್ಲಿ ಲಿಫ್ಟ್‌ಮನ್. ಲಿಫ್ಟಿಗೆ ಕಿಟಕಿಯಿಲ್ಲ, ಅವನು ವಾಸಿಸುವ ಒಂದೇ ಕೋಣೆಯ ಖೋಲಿಗೂ ಇಲ್ಲ. ಇಪ್ಪತ್ತು ವರ್ಷ ಪೆಟ್ಟಿಗೆಯೊಳಗೆ ಮೇಲೆ ಕೆಳಗೆ ಓಡಾಡಿದವನಿಗೆ ಉಳಿದದ್ದು ಒಂದೇ ಆಸೆ, ಕಿಟಕಿಯಿರುವ ಮನೆ. ಗುಂಡಿ ಒತ್ತಿ ಕಣ್ಣು ಮುಚ್ಚಿದರೆ ಸಾಕು, ಕಿಟಕಿ ತೆರೆದುಕೊಳ್ಳುತ್ತಿತ್ತು. ಬಿಸಿಲು ನೆಲದ ಮೇಲೆ ಚಾಪೆಯ ಹಾಗೆ ಬಿದ್ದಿದೆ. ಮೋಡವೊಂದು ಅವಸರವಿಲ್ಲದೆ ಹೋಗುತ್ತಿದೆ. ತಾನು ಚಹಾ ಕುಡಿಯುತ್ತ ಅದನ್ನೇ ನೋಡುತ್ತಿದ್ದಾನೆ. ಅಷ್ಟರಲ್ಲಿ ಏಳನೇ ಮಹಡಿಯವರು ಒಂಬತ್ತನೇ ಮಹಡಿಗೆ ಬಂದು ನಿಂತು ಬಯ್ಯುತ್ತಿದ್ದರು.

ಅಂಥದೊಂದು ಖೋಲಿ ಗೊತ್ತಾಗಿತ್ತು. ಡಿಪಾಸಿಟ್ ನಾಲ್ಕು ಲಕ್ಷ. ವಾಚು ಅವನ ಅಪ್ಪ ಶೆಟ್ಟೆಪ್ಪನದು. ಹಡಗು ಕಂಪನಿಯ ಸಾಹೇಬ ವಿಲಾಯತಿಗೆ ಹೋಗುವಾಗ ಜವಾನನಾಗಿದ್ದ ಶೆಟ್ಟೆಪ್ಪನಿಗೆ ಕೊಟ್ಟಿದ್ದ ಸ್ವಿಸ್ ವಾಚು ಅದು. ಅವನು ಸಾಯುವ ತನಕ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಸತ್ತ ಮೇಲೆ ಅದು ದೇವರ ಜಗಲಿ ಸೇರಿತು.

ಫೋಟೊ ನೋಡಿದ ಹರಾಜು ಕಂಪನಿಯ ಸ್ನೇಹಲ್ ಎಂಬ ಹುಡುಗಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು. "ಅಂಕಲ್, ಒರಸಬೇಡಿ, ಪ್ಲೀಸ್. ಡಯಲ್ ಚಹಾ ಕಲರ್ ಆಗಿದೆ ಅಲ್ಲ, ಅದಕ್ಕೇ ರೇಟ್. ಸ್ಕ್ರ್ಯಾಚ್, ಧೂಳು, ಸಬ್ ಕುಛ್ ಒರಿಜಿನಲ್ ಬೇಕು. ಪಾಲಿಶ್ ಮಾಡಿದ್ರೆ ಹತ್ತು ಸಾವಿರ ಭೀ ಬರಲ್ಲ. ಶನಿವಾರ ಹನ್ನೊಂದು ಗಂಟೆಗೆ ತನ್ನಿ."

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಧರ್ಮಣ್ಣನಿಗೆ ಕಂಡದ್ದು ಹುಣಸೆಹಣ್ಣು ಕಿವುಚುತ್ತ ಕುಳಿತ ಹೆಂಡತಿ ಸುಂದ್ರವ್ವ. ಪಕ್ಕದ ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ, ಕುಂಕುಮ, ಒಂದು ಕುಬುಸದ ಖಣ. ನಡುವೆ ವಾಚು.

"ಏನಿದು?"

"ಉಡಿ ತುಂಬತೇನ್ರಿ. ಇಷ್ಟ ವರ್ಷ ಮನ್ಯಾಗ ಇದ್ದದ್ದು ಹೊಂಟೇತಿ. ಮಗಳನ್ನ ಕಳಸೂಮುಂದ ಮಾರಿ ತೊಳೀದ ಹಂಗ ಕಳಸತಾರೇನು?"

ಧರ್ಮಣ್ಣ ವಾಚನ್ನು ಕಸಿದುಕೊಂಡ. ಹೊಲಸಿಗೇ ಬೆಲೆ, ತೊಳೆದರೆ ಮನೆ ತೊಳೆದ ಹಾಗೆ ಎಂದು ತಿಳಿಸಿ ಹೇಳಿದ. ಸುಂದ್ರವ್ವನಿಗೆ ಅರ್ಥವಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಕಾಶಿನಾಥನಿಗೆ ಅರ್ಥವಾಯಿತು, ಅದೇ ಫಜೀತಿಗೆ ಮೂಲವಾಯಿತು. ಧಾರಾವಿಯಲ್ಲಿ ಚರ್ಮದ ಬೆಲ್ಟು ಹೊಲಿಯುವ ಅವನು ವಾಚಿಗೆಂದು ಹೊಸ ಪಟ್ಟಿಯೊಂದನ್ನು ತಂದಿದ್ದ. ಅದನ್ನು ಕಿಸೆಗೆ ಸೇರಿಸಿದ.

"ಧರ್ಮಣ್ಣ, ಚಹಾ ಬಣ್ಣಕ್ಕ ನಾಕ ಲಕ್ಷ ಅಂದ್ರ, ಕಾಫಿ ಬಣ್ಣಕ್ಕ ಎಷ್ಟಂದಿ?"

"ಕಾಶಿನಾಥ, ನೀ ಮನಿಗೆ ಹೋಗು."

"ಆರ ಲಕ್ಷ ಆದೀತೋ ಇಲ್ಲೋ? ಒಂದ ಲೋಟ ಕಡಕ್ ಚಹಾದಾಗ ಅದ್ದಿ ತಗೀತೇನಿ. ನಾವ ಹೊಸಾ ಚರ್ಮಾ ಹಳೇದ ಮಾಡೂದ ಹಿಂಗ."

ಅಷ್ಟರಲ್ಲಿ ಮನೆಗಳ ಮುಂದಿನ ಗ್ಯಾಲರಿ ತುಂಬ ಜನ ನೆರೆದಿದ್ದರು. ಒಬ್ಬರು ಒಲೆಯ ಮಸಿ ತಂದರು, ಇನ್ನೊಬ್ಬರು ಗೀರಲು ಮೊಳೆ ಹಿಡಿದು ನಿಂತರು. ತೊಳೆಯಬೇಕು ಎನ್ನುವ ಹೆಂಗಸರದು ಒಂದು ಪಕ್ಷ, ಇನ್ನಷ್ಟು ಕೆಡಿಸಬೇಕು ಎನ್ನುವ ಗಂಡಸರದು ಇನ್ನೊಂದು. ಇದ್ದಂತೆ ಇರಲಿ ಎನ್ನುವ ಪಕ್ಷದಲ್ಲಿ ಧರ್ಮಣ್ಣ ಒಬ್ಬನೇ. ಅವನು ವಾಚನ್ನು ಖಾಲಿ ಟಿಫಿನ್ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಒತ್ತಿ, ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿದರೂ ಲೆಕ್ಕಿಸದೆ ಓಡಿದ. ಇನ್ನೊಂದನ್ನು ಸುಂದ್ರವ್ವ ಮೇಲಿನಿಂದ ಎಸೆದಳು.

ಲೋಕಲ್‌ನಲ್ಲಿ ಅವನು ಡಬ್ಬಿಯನ್ನು ಕೂಸಿನಂತೆ ಅಪ್ಪಿಕೊಂಡು ನಿಂತ. ಹೊರಗೆ ಬಿಲ್ಡಿಂಗುಗಳು ಹಿಂದಕ್ಕೆ ಓಡುತ್ತಿದ್ದವು, ಅವುಗಳ ಮೈತುಂಬ ಕಿಟಕಿಗಳು. ಧರ್ಮಣ್ಣ ಸೀರೆ ಆರಿಸುವವನ ಹಾಗೆ ಒಂದೊಂದನ್ನೇ ಆರಿಸಿದ. ನೀಲಿ ಪರದೆಯದು ಬೇಡ. ಗಿಳಿ ಪಂಜರ ಇಟ್ಟದ್ದು ಚಂದ. ಮಾಹೀಮಿನ ಖಾಡಿ ದಾಟುವಾಗ ನೀರು ಹೊಳೆಯಿತು, ಅವನಿಗೆ ಕಣ್ಣು ತುಂಬಿ ಬಂತು. ಚರ್ಚ್‌ಗೇಟ್ ಬರುವಷ್ಟರಲ್ಲಿ ಆ ಮನೆಯಲ್ಲಿ ಸಂಸಾರ ಹೂಡಿಯೇ ಬಿಟ್ಟಿದ್ದ.

ಹರಾಜು ಕಂಪನಿಯ ಆಫೀಸಿನಲ್ಲಿ ಸ್ನೇಹಲ್ ಬಿಳಿ ಕೈಗವಸು ತೊಟ್ಟು ವಾಚನ್ನು ಭೂತಗನ್ನಡಿಯಲ್ಲಿ ನೋಡಿದಳು. ಡಯಲ್ ಅಸಲಿ. ಮುಳ್ಳುಗಳು ಅಸಲಿ. ಗೀರುಗಳು ಕೂಡ ಅಸಲಿ. ಒಂದೊಂದಕ್ಕೂ ಅವಳು ತಲೆಯಾಡಿಸಿದಾಗ ಧರ್ಮಣ್ಣನ ಮನೆಗೆ ಒಂದೊಂದು ಗೋಡೆ ಏಳುತ್ತಿತ್ತು. ಕೊನೆಗೆ ಅವಳು ಹಿಂದಿನ ಮುಚ್ಚಳ ಬಿಚ್ಚಿದಳು.

"ಅಂಕಲ್, ಮುಚ್ಚಳದ ಒಳಗೆ ಏನೋ ಗೀಚಿದ್ದಾರೆ. ರಿಪೇರಿಯವರು ತಾರೀಖು ಹಾಕ್ತಾರೆ, ಆದ್ರೆ ಇದು ಲೆಟರ್ ಥರ ಇದೆ. ಕನ್ನಡ ಅಲ್ವಾ ಇದು? ನಂಗೆ ಓದಕ್ಕೆ ಬರಲ್ಲ." ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ತೋರಿಸಿದಳು.

ಧರ್ಮಣ್ಣ ಓದಿದ. ಜನ್ಮದಲ್ಲಿ ಸುಳ್ಳು ಹೇಳದವನಲ್ಲ, ಆದರೆ ನಾಲ್ಕು ಲಕ್ಷದ ಸುಳ್ಳು ಇದೇ ಮೊದಲು.

"ದೇವರ ಹೆಸರವ್ವಾ. ಸಿದ್ಧೇಶ್ವರ ಪ್ರಸನ್ನ ಅಂತ."

"ಅರೆ ವಾಹ್, ಕ್ಯಾಟಲಾಗ್‌ನಲ್ಲಿ ಹಾಕೋಣ. ಸ್ಪೆಲಿಂಗ್ ಮಮ್ಮೀನ ಕೇಳ್ತೀನಿ, ಅವಳು ಬಿಜಾಪುರದವಳು." ಧರ್ಮಣ್ಣ ಬೇಡವೆನ್ನುವಷ್ಟರಲ್ಲಿ ಫೋಟೊ ಹೋಗಿತ್ತು. ಎರಡೇ ನಿಮಿಷಕ್ಕೆ ಮಮ್ಮಿಯ ಧ್ವನಿಯಲ್ಲೇ ಉತ್ತರ ಬಂತು. ಸ್ನೇಹಲ್ ಫೋನನ್ನು ಮೇಜಿನ ಮೇಲಿಟ್ಟು ದೊಡ್ಡದಾಗಿ ಹಚ್ಚಿದಳು.

"ಏ ಸ್ನೇಹಲ್, ಇದರಾಗ ದೇವರ ಹೆಸರ ಎಲ್ಲೈತಿ? ಹೀಂಗ ಬರದಾರ ನೋಡು. 'ಅಸಲ ಮಶೀನ್ ತಗದು ಮಾರೇವಿ, ಬ್ಯಾರೆ ಹಾಕೇವಿ. ಮಗ ಧರ್ಮಣ್ಣನ ಮದುವಿ ಖರ್ಚಿಗೆ. ಯಾರ ಮುಂದೂ ಹೇಳಬಾರದಂತ ಶೆಟ್ಟೆಪ್ಪ ಆಣಿ ಮಾಡಿಸ್ಯಾನ. ವಾಚ್ ರಿಪೇರಿ ಬಸವಂತಪ್ಪ.' ಪಾಪ, ಬಾಯಿಲೆ ಹೇಳಬ್ಯಾಡ ಅಂದಿದ್ದಕ್ಕ ಒಳಗ ಬರದಿಟ್ಟಾರ."

ಸ್ನೇಹಲ್ ಎದುರಿಗಿದ್ದ ಫಾರ್ಮಿನ ಮೇಲಿನ ಹೆಸರು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಧರ್ಮಣ್ಣ ಛಾವಣಿಯ ಫ್ಯಾನು ನೋಡುತ್ತಿದ್ದ.

"ಸಾರಿ ಅಂಕಲ್," ಎಂದಳು ಮೆಲ್ಲಗೆ. "ಮಶೀನ್ ಒರಿಜಿನಲ್ ಇಲ್ಲ ಅಂದ್ರೆ ನಾವು ತಗೊಳ್ಳಲ್ಲ."

ರಸ್ತೆಗೆ ಇಳಿದಾಗ ಸುಂದ್ರವ್ವನ ಫೋನು. ಹಿಂದೆ ಇಡೀ ಚಾಳು ಉಸಿರು ಹಿಡಿದದ್ದು ಕೇಳುತ್ತಿತ್ತು.

"ಎಷ್ಟಕ್ಕ ಹೋತ್ರಿ?"

"ಅದು ಹೋಗಿ ಇಪ್ಪತ್ತೆರಡ ವರ್ಷ ಆತು. ಅಪ್ಪ ಆ ರೊಕ್ಕದಾಗ ನಿನ್ನ ತಂದಾನ."

ಆ ಕಡೆ ಯಾವುದೋ ಪಾತ್ರೆ ಕೆಳಗೆ ಬಿತ್ತು. ಪಾಪ, ಎದೆಯೊಡೆಯಿತೇನೋ ಎಂದುಕೊಂಡ ಧರ್ಮಣ್ಣ.

"ಅಂದ್ರ ನಾನ ನಾಕ ಲಕ್ಷದಾಕಿ ಅಂತಾತು," ಎಂದಳು ಸುಂದ್ರವ್ವ, ಚಾಳಿಗೆಲ್ಲ ಕೇಳುವ ಹಾಗೆ. "ನಾಳಿಂದ ಮುಂಜಾನೆ ಚಹಾ ನೀವ ಮಾಡ್ರಿ."