ಮಾವನ ಕಾರಿಗೆ ಚಳಿ

ನಮ್ಮ ಸೋದರಮಾವನಿಗೆ ಮಕ್ಕಳಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದಿತ್ತು. ನಾಲ್ಕು ಚಕ್ರ, ಎರಡು ದೀಪ, ಮುಂದೊಂದು ರೇಡಿಯೇಟರು! ಯಾರೋ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿಹೋದ ಹಳೇ ಇಂಗ್ಲಿಷ್ ಕಾರು. ಅಪ್ಪ ಅಮ್ಮ ಹೋದ ಮೇಲೆ ನಾನು ಬೆಳೆದದ್ದೂ ಜಯನಗರದ ಅದೇ ಮನೆಯಲ್ಲಿ. ಆದರೆ ಹಿರೀ ಮಗು ಅದು, ನಾನು ಎರಡನೆಯವಳು.

ಕಾರಿನ ಜೊತೆ ಒಂದು ಪುಸ್ತಕ ಬಂದಿತ್ತು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಎಂಜಿನ್ ಸೀಳಿಬಿಡುತ್ತದೆ, ರೇಡಿಯೇಟರಿಗೆ ಆಂಟಿಫ್ರೀಜ್ ಬೆರೆಸಿ, ಇಲ್ಲವೇ ಸಂಜೆ ನೀರನ್ನೆಲ್ಲ ಬಸಿದುಬಿಡಿ ಅಂತ ಅದರಲ್ಲಿತ್ತು. ಬರೆದವನು ಹಿಮ ಬೀಳುವ ಊರಿನವನು, ಓದಿದವರು ಜಯನಗರದವರು! ಮಾವ ಆಂಟಿಫ್ರೀಜ್ ಹುಡುಕಿ ಊರೆಲ್ಲ ಸುತ್ತಿದರು. ಅಂಗಡಿಯವನೊಬ್ಬ, "ಸಾರ್, ಬೆಂಗಳೂರಲ್ಲಿ ನೀರು ಗಡ್ಡೆ ಕಟ್ಟೋದು ಐಸ್‌ಕ್ಯಾಂಡಿ ಡಬ್ಬದಲ್ಲಿ ಮಾತ್ರ" ಅಂದ.

"ಅವನಿಗೇನ್ ಗೊತ್ತು? ಡಿಸೆಂಬರಲ್ಲಿ ಬೆಳಿಗ್ಗೆ ಎದ್ದು ನೋಡಿದಾನಾ?" ಅಂದರು ಮಾವ, ಮಂಕಿಟೋಪಿ ಸರಿಮಾಡಿಕೊಳ್ಳುತ್ತಾ.

ಸರಿ, ಶುರುವಾಯಿತು. ಅತ್ತೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮಾವ ಕಾರಿನ ಕೆಳಗೆ. ಬಸಿದ ತುಕ್ಕುನೀರು ದಾಸವಾಳದ ಗಿಡಕ್ಕೆ, ಬಾನೆಟ್ಟಿನ ಮೇಲೆ ಕಂಬಳಿ. ಬೆಳಿಗ್ಗೆ ಬಚ್ಚಲ ಹಂಡೆಯ ಮೊದಲ ಬಿಸಿನೀರು ಯಾರಿಗೆ? ನಮಗಂತೂ ಅಲ್ಲ!

"ನನಗೆ ಚಳಿಜ್ವರ ಬಂದಾಗ ಒಂದು ಶಾಲಾದ್ರೂ ಹೊದಿಸಿದ್ರೇನ್ರೀ?" ಅಂತ ಅತ್ತೆ ಉರಿದುಬಿದ್ದರು.

"ನೀನೇನು ಸೀಳಿಹೋಗ್ತೀಯಾ?"

ಆ ಕಂಬಳಿ ಮುಟ್ಟೋ ಹಾಗಿರಲಿಲ್ಲ. ಸುಬ್ರಹ್ಮಣ್ಯಪುರದಿಂದ ಬಂದ ನೆಂಟರೊಬ್ಬರು ಮಧ್ಯಾಹ್ನ ಅದನ್ನೇ ಹೊದ್ದು ಗೊರಕೆ ಹೊಡೆಯುತ್ತಿದ್ದರು. ಸಂಜೆ ಮಾವ ಮೆಲ್ಲಗೆ ಎಳೆದುಕೊಂಡು, "ಏಳಿ ಸ್ವಾಮಿ, ಪಾಪ ಅದಕ್ಕೆ ಚಳಿಯಾಗುತ್ತೆ" ಅಂದರು. ನೆಂಟರು ಮತ್ತೆ ಈ ಕಡೆ ತಲೆಹಾಕಲಿಲ್ಲ.

ಮದುವೆಯಾಗಿ, ಮೊದಲ ಹೆರಿಗೆಗೆ ನಾನು ಆ ಮನೆಗೇ ಬಂದಿದ್ದೆ. ಡಿಸೆಂಬರಿನ ಒಂದು ಬೆಳಗಿನ ಜಾವ ನೋವು ಕಾಣಿಸಿಕೊಂಡಿತು. ಹೋಗಬೇಕಾದದ್ದು ವಿಲ್ಸನ್ ಗಾರ್ಡನ್ನಿನ ಆಸ್ಪತ್ರೆಗೆ. ಕಾರಿನಲ್ಲಿ ತೊಟ್ಟು ನೀರಿಲ್ಲ! ಹಿಂದಿನ ದಿನ ನಲ್ಲಿ ಬಂದಿರಲಿಲ್ಲ, ಹಂಡೆಯೂ ಖಾಲಿ. ಮಾವ ಬರೀ ಚೊಂಬು ಹಿಡಿದು ನಿಂತಿದ್ದರು. "ನಾನೇ ಬಸಿದೆನಲ್ಲೇ... ಈ ಕೈಯಾರೆ ನಾನೇ ಬಸಿದೆನಲ್ಲೇ..."

ಅತ್ತೆ ಅಡುಗೆಮನೆಗೆ ಹೋದರು. ಮಡಿನೀರಿನ ಕೊಡ ಎತ್ತಿಕೊಂಡು ಬಂದರು. ನಾವು ಅದರ ಹತ್ತಿರ ಸುಳಿದರೂ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ ಅತ್ತೆ!

"ನೋಡ್ತಾ ನಿಂತ್ಕೋಬೇಡಿ, ಹಿಡೀರಿ. ನಿಮ್ಮ ಮಗೂಗೆ ಕುಡಿಸಿ, ನನ್ನ ಮಗೂನ ಕರ್ಕೊಂಡು ನಡೀರಿ."

ಮಡಿನೀರು ಕುಡಿದ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಧ್ಯಾಹ್ನ ನನಗೆ ಮಗಳು ಹುಟ್ಟಿದಳು.

ದೀಪ ಹಚ್ಚುವ ಹೊತ್ತಿಗೆ ಮಾವ ವಾರ್ಡಿನೊಳಗೆ ಬಂದರು. ಬೆರಳ ತುದಿಯಿಂದ ಮಗುವಿನ ಪಾದ ಮುಟ್ಟಿ, "ತಣ್ಣಗಿದೆ ಕಣೇ ಪುಟ್ಟಿ" ಅಂದರು. ಕಂಕುಳಲ್ಲಿದ್ದ ಕಂಬಳಿ ಬಿಚ್ಚಿ ಹೊದಿಸಿದರು. ಅದೇ ಕಂಬಳಿ! ಪೆಟ್ರೋಲ್ ವಾಸನೆಗೆ ನರ್ಸಮ್ಮ ಮೂಗು ಮುಚ್ಚಿಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

"ಮಾವ, ಕಾರಿಗೆ?"

"ಹೊರಗೆ ಹಾಗೇ ನಿಂತಿದೆ."

"ನೀರು ಬಸಿದ್ರಾ?"

ಮಾವ ಮಗುವಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ಸೀಳಿದ್ರೆ ಸೀಳಲಿ ಬಿಡು" ಅಂದರು.