ನೀಲಿ ಎಮ್ಮಿಯ ವಿಮರ್ಶಕರು

ಮುಂಜಾನೆಯ ಚಹಾ ಆರುವುದರೊಳಗೆ ಸುಹಾಸ ವಾಟ್ಸಾಪ್ ಗುಂಪಿಗೆ ತನ್ನ ಹಾಡುಗಳ ಲಿಂಕಿನ ಜೊತೆ ಒಂದು ಸಾಲು ಹಾಕಿಬಿಟ್ಟ. ಮೊದಲು ‘ಸೈಕೆಡೆಲಿಕ್ ರಾಕ್’ ಎಂದು ಬರೆಯಹೋದರೆ ಮೊಬೈಲು ತಾನೇ ತಿದ್ದಿ ‘ಸೈಕಲ್ ರಾಕ್’ ಮಾಡಿತು. ಬೇಸತ್ತು ಸೈಕಲ್ಲನ್ನೇ ಕಿತ್ತುಹಾಕಿ ಹೀಗೆ ಬರೆದ: ‘ನೀಲಿ ಎಮ್ಮಿ. ನಮ್ಮ ಸೀಮ್ಯಾಗ ಮೊದಲನೇ ರಾಕನ ಹಾಡು. ಜೋರ್ ಹಚ್ರಿ, ಕಡೀತನಕ ಹಚ್ರಿ.’

ಸುಹಾಸ ಅಂಕಲಿಯ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಮಾಳಿಗೆಯ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಕಟ್ಟಿದ ಹಾಡುಗಳ ಗುಚ್ಛವೇ ‘ನೀಲಿ ಎಮ್ಮಿ’. ಅದರಲ್ಲಿ ಗಿಟಾರಿತ್ತು, ಸಂಬಾಳದ ಬಡಿತವಿತ್ತು, ಕಬ್ಬಿನ ಗಾಣದ ಗುರುಗುರು ಇತ್ತು. ಪಾತ್ರೆ ಮಾರುವವನ ಕೂಗು ಹಿಂದುಮುಂದಾಗಿ ಬರುತ್ತಿತ್ತು. ನಾಲ್ಕನೆಯ ಹಾಡೊಂದು ಮಾತ್ರ ಮೆತ್ತಗೆ, ಹೊಳೆದಂಡೆಯ ಗಾಳಿಯ ಹಾಗೆ. ಅದಕ್ಕೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ: ‘ಸಾರಿಕಾ’.

ಸಾರಿಕಾಳಿಗೆ ಬೇಕಾಗಿದ್ದುದು ಹಾಡಲ್ಲ, ಆ ಕೋಣೆ. ಹೊಲಿಗೆ ಕಲಿಯಲು ಬರುವ ಹುಡುಗಿಯರು ಪಡಸಾಲೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರುತ್ತಿದ್ದರು.

“ಇವತ್ತ ಸಂಜೀ ಒಳಗ ನಿಮ್ಮ ಎಮ್ಮೀನ ಮೊದಲಿಂದ ಕಡೀತನಕ ಕೂತು ಕೇಳಿದ ಒಂದ ಜೀವಾ ತೋರಸ್ರಿ. ಮ್ಯಾಲಿನ ಕೋಲಿ ನಿಮ್ದ. ಇಲ್ಲಂದ್ರ ನನ್ನ ಮಿಷಿನ್ ಮ್ಯಾಲ ಹೋಗತೈತಿ” ಎಂದಳು.

“ನೀನ ಕೇಳಬಾರದೇನ?”

“ಅದರಾಗ ನನ್ನ ಹೆಸರಿಂದ ಒಂದ ಐತಲ್ರಿ. ನಾಲ್ಕ ಮಂದಿ ಏನಂತಾರ ತಿಳೀಲಿ, ಆಮ್ಯಾಲ ಕೇಳತೇನಿ.”

ಸುಹಾಸ ಮೊದಲ ಹಾಡನ್ನು ಜೋರಾಗಿ ಹಚ್ಚಿದ. ಅದು ಮುಗಿಯುವ ಮೊದಲೇ ಪಕ್ಕದ ಮನೆಯ ಜಿನಮತಿ ಕಾಕು ಏದುಸಿರು ಬಿಡುತ್ತ ಬಂದರು. ಕಂಕುಳಲ್ಲಿ ಕೂಸಿನ ಹಾಗೆ ಮಿಕ್ಸರ್ ಹೊತ್ತಿದ್ದರು.

“ಸಾರಿಕಾ, ನಿಮ್ಮ ಮಿಕ್ಸರ್ ಸುಡಾಕತ್ತೈತಿ, ಲಗೂ ಬಂದ್ ಮಾಡು! ನಂದ ತಂದೇನಿ, ಚಟ್ನಿ ಇದರಾಗ ರುಬ್ಬಕೋ.”

“ಕಾಕು, ಅದು ಗಿಟಾರ್ ಐತ್ರಿ” ಎಂದ ಸುಹಾಸ.

“ಹೌದೇನಪಾ?” ಕಾಕು ಅವನ ಬೆನ್ನು ಸವರಿದರು. “ಇರ್ಲಿ ಬಿಡು. ನಿಪ್ಪಾಣ್ಯಾಗ ರಿಪೇರಿ ಮಾಡಾವ್ರು ಅದಾರ.”

ಹೋಗುವಾಗ, ಇರಲಿ ಎಂದು ಮಿಕ್ಸರನ್ನು ಅಲ್ಲಿಯೇ ಬಿಟ್ಟುಹೋದರು.

ಶಾಲೆಯಲ್ಲಿ ಗಣಿತದ ಶೀತಲ್ ಸರ್ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಲು ಕೂತರು. ತಲೆ ತಾಳ ಹಾಕುವಂತೆ ಅಲ್ಲಾಡುತ್ತಿತ್ತು. ಸುಹಾಸ ಹಾಲು ಉಕ್ಕುವುದನ್ನು ಕಾಯುವವನಂತೆ ಎದುರಿಗೇ ಕೂತ.

“ಭಾರಿ ಐತ್ರಿ ಸುಹಾಸ ಸರ್! ಒಂದೊಂದ ಹಾಡೂ ಬಂಗಾರ!”

ಸುಹಾಸನ ಕಣ್ಣು ವೈರಿನ ಗುಂಟ ಇಳಿಯಿತು. ಅದರ ಇನ್ನೊಂದು ತುದಿ ಟೇಬಲ್ಲಿನ ಅಂಚಿನಲ್ಲಿ ಗಾಳಿಗೆ ತೂಗಾಡುತ್ತಿತ್ತು. ಶೀತಲ್ ಸರ್ ಕೂಡ ಅದನ್ನು ನೋಡಿದರು.

“ಹೇಳಿದ್ದು ಮಾತ್ರ ಮನಸಿನಿಂದ ಹೇಳೇನ್ರಿ” ಎಂದರು, ಕೆಂಪಾಗಿ.

ಅಷ್ಟರಲ್ಲಿ, ಸುಹಾಸ ಮೊದಲೇ ಕಳಿಸಿದ್ದ ಹಾಡುಗಳನ್ನು ಅಲ್ಲಲ್ಲಿ ಕೇಳಿದ ಪುಣೆಯ ವಿಮರ್ಶಕನೊಬ್ಬನ ಅಭಿಪ್ರಾಯ ಮೊಬೈಲಿಗೆ ಬಂತು. ಎಲ್ಲ ದಿಕ್ಕಿಗೂ ಓಡುವ ಈ ಸಂಗೀತ ಎಲ್ಲಿಗೂ ಮುಟ್ಟುವುದಿಲ್ಲವಂತೆ. ಆದರೂ ಆರನೆಯ ಹಾಡಿನ ಕೊಳಲುವಾದಕನಿಗೆ ಒಳ್ಳೆಯ ಭವಿಷ್ಯವಿದೆಯಂತೆ. ಆ ಕೊಳಲುವಾದಕ, ಸಾರಿಕಾಳ ಕುಕ್ಕರು.

ಮಧ್ಯಾಹ್ನ ಮಾತ್ರ ಪವಾಡವೇ ನಡೆಯಿತು. ಯಡೂರಿನಲ್ಲಿ ಕೇಳುತ್ತಿದ್ದಾರೆ, ಉಗಾರ ಬುದ್ರುಕದಲ್ಲಿ ಕೇಳುತ್ತಿದ್ದಾರೆ, ರಾಯಬಾಗದ ಕಡೆಗೂ ಹಬ್ಬಿದೆ ಎಂದು ಮೊಬೈಲು ಹೇಳತೊಡಗಿತು. ಅದೂ ಪೂರಾ, ಮತ್ತೆ ಮತ್ತೆ! ಸುಹಾಸ ಪೇಢೆ ಕಟ್ಟಿಸಿಕೊಂಡು ಮನೆಗೆ ಓಡಿದ.

“ಮೊಬೈಲ್ ಹೇಳಿದ್ರ ಸಾಲೂದಿಲ್ರಿ. ಕೇಳಿದ ಜೀವಾ ಎಲ್ಲೈತಿ?” ಎಂದಳು ಸಾರಿಕಾ. ಆದರೂ ಮೆಟ್ಟಿಲ ಹತ್ತಿರ ತಂದಿಟ್ಟಿದ್ದ ಹೊಲಿಗೆ ಮಿಷಿನನ್ನು ತುಸು ಹಿಂದಕ್ಕೆ ಸರಿಸಿದಳು.

ಆಗಲೇ ಬಾಗಿಲಲ್ಲಿ ಮೋಟಾರ್ ಸೈಕಲ್ಲು ನಿಂತಿತು. ಬಂದವನು ಯಡೂರಿನ ರೈತ ಮೈಬೂಬ. ಕೈಯಲ್ಲಿ ಎಳೆ ಗೋವಿನಜೋಳದ ತೆನೆಗಳ ಚೀಲ.

“ಮಾಸ್ತರ, ಇದ ನಿಮಗ್ರಿ. ನಿಮ್ಮ ರಾಖಣದ ಹಾಡು ನನ್ನ ಬೆಳಿ ಉಳಿಸ್ತು! ಊರಾಗ ಎಲ್ಲಾರೂ ಹೊಲಕ್ಕ ಸ್ಪೀಕರ್ ಕಟ್ಯಾರ.”

ಸುಹಾಸನಿಗೆ ಆಗ ಹೊಳೆಯಿತು. ಗಡಿಸೀಮೆಯವರು ಬೆಳೆ ಕಾಯುವುದಕ್ಕೆ ಮರಾಠಿಯಲ್ಲಿ ‘ರಾಖಣ’ ಅನ್ನುತ್ತಾರೆ. ಅವನ ‘ರಾಕನ ಹಾಡು’ ಊರೂರಿನ ರೈತರಿಗೆ ಬೆಳೆ ಕಾಯುವ ಹಾಡಾಗಿ ಕಂಡಿತ್ತು.

“ಮೊದಲನೇ ಹಾಡಿಗೇ ಮಂಗ್ಯಾ ಎಲ್ಲಾ ಓಡಿಹೋದುವ್ರಿ” ಎಂದ ಮೈಬೂಬ. ಆಮೇಲೆ ತಲೆ ಕೆರೆದುಕೊಂಡ. “ಒಂದ ಸಣ್ಣ ತಕರಾರ ಐತಿ. ಒಂದ ಮುದಿ ಮಂಗ್ಯಾ ಮಾತ್ರ ಬದುವಿನ ಮ್ಯಾಲ ಗಲ್ಲಕ್ಕ ಕೈ ಹಚ್ಚಿ ಕುಂತಬಿಡ್ತು. ಮೊದಲಿಂದ ಕಡೀತನಕ ಅಳ್ಳಾಡಲಿಲ್ರಿ.”

ಸುಹಾಸನಿಗೆ ಹೋದ ಪ್ರಾಣ ಬಂತು. ಹೆಂಡತಿಯ ಕಡೆ ತಿರುಗಿದ. “ಕೇಳಿದಿ? ಜೀವಾ ಅಂದಿದ್ದಿ! ಮನಿಷಾ ಅಂದಿರಲಿಲ್ಲ!”

ಸಾರಿಕಾ ನಕ್ಕುಬಿಟ್ಟಳು. “ಆತು ಬಿಡ್ರಿ. ಮಾತಂದ್ರ ಮಾತು, ಕೋಲಿ ನಿಮ್ದ.”

“ಇನ್ನೂ ಮುಗದಿಲ್ರಿ” ಎಂದ ಮೈಬೂಬ. “ಓಡಿಹೋದುವೂ ನಾಲ್ಕನೇ ಹಾಡಿಗೆ ತಿರುಗಿ ಬಂದುವು. ಮರಿ ಕಟಗೊಂಡು ಸಾಲ ಹಿಡದ ಕುಂತು ಒಂದರ ಹೇನು ಒಂದು ನೋಡಾಕತ್ತುವು. ಅದೇನೋ ‘ಸಾರಿಕಾ’ ಅಂತ ಐತಲ್ರಿ, ಮಂಗ್ಯಾಗೋಳಿಗೆಂದ ಮಾಡಿದಂಗ ಐತಿ. ಅದೊಂದ ತಗದ ಹಾಕ್ರಿ ಮಾಸ್ತರ.”

ಸಾರಿಕಾಳ ನಗೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ.

“ಮಿಷಿನ್ ಎತ್ರಿ” ಎಂದಳು.

ಮಿಷಿನ್ನಿನ ಮುಂದಿನ ಭಾರ ಸುಹಾಸನದು. ಯಾರೂ ಕೇಳದಿದ್ದರೂ ಮೈಬೂಬ ಚೀಲ ಕೆಳಗಿಟ್ಟು ಹಿಂದಿನಿಂದ ಕೈಜೋಡಿಸಿದ. ಅರ್ಧದಷ್ಟು ಮೆಟ್ಟಿಲು ಏರಿದ ಮೇಲೆ, ಒಳಗಿದ್ದವರಿಗೆ ಕೇಳದ ಹಾಗೆ ಸಮಾಧಾನ ಹೇಳಿದ:

“ಬ್ಯಾಸರಾ ಮಾಡ್ಕೋಬ್ಯಾಡ್ರಿ ಮಾಸ್ತರ. ಮುಂದಿನ ಸಲ ಗಿಳಿ ಓಡಸೂದೊಂದ ಮಾಡ್ರಿ. ಸಾರಿಕಾ ವೈನೀ ಹೆಸರ ಮಾತ್ರ ಇಡಬ್ಯಾಡ್ರಿ.”