ಪೋರ್ಟ್ ಬ್ಲೇರಿನಲ್ಲೊಂದು ಹಗೇವು

ಮಾರ್ಚ್ ಒಂಬತ್ತನೇ ತಾರೀಕು ನಾನೂ ನನ್ನ ಹೆಂಡತಿ ಸರೋಜಳೂ ಎರಡು ಟ್ರಂಕು, ಎರಡು ಮೂಟೆ ರಾಗಿ ಮತ್ತು ಒಂದು ಬೀಸುವ ಕಲ್ಲಿನ ಸಮೇತ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ಹಡಗಿನಿಂದ ಇಳಿದೆವು. ಮದ್ರಾಸಿನಿಂದ ನಾಲ್ಕು ದಿನದ ಪ್ರಯಾಣ. ನಾನು ವಾಂತಿ ಮಾಡಿಕೊಂಡದ್ದು ಹನ್ನೊಂದು ಸಲ. ಸರೋಜ ಒಂದು ಸಲವೂ ಇಲ್ಲ. ಡೈರಿಯಲ್ಲಿ ಬರೆದಿದ್ದೇನೆ.

ನನಗೆ ಅಲ್ಲಿ ಸರ್ಕಾರಿ ಗುಮಾಸ್ತನ ಕೆಲಸವಾಗಿತ್ತು. ಗೌರಿಬಿದನೂರಿನ ಹುಡುಗ ಸಮುದ್ರದಾಚೆ ಸಂಸಾರ ಹೂಡುತ್ತಾನೆಂದಾಗ ಶಿಡ್ಲಘಟ್ಟದ ನನ್ನ ಮಾವನವರು ಒಂದೇ ಷರತ್ತು ಹಾಕಿದ್ದರು.

“ನೋಡಿ ಅಳಿಯಂದ್ರೆ, ಅಲ್ಲಿ ಅಕ್ಕಿ, ಮೆಣಸಿನಕಾಯಿ ಎಲ್ಲಾ ಹಡಗಲ್ಲೇ ಬರಬೇಕಂತೆ. ಬೆಂಕಿಯಂಥ ಬೆಲೆಯಂತೆ. ದೀಪಾವಳಿ ಹೊತ್ತಿಗೆ ನಿಮ್ಮ ಸಂಬಳದಲ್ಲಿ ಇಬ್ಬರ ಹೊಟ್ಟೆ ತುಂಬೋ ಹಾಗೆ ಕಾಣದಿದ್ರೆ, ನನ್ನ ಮಗಳನ್ನ ವಾಪಸ್ ಹಡಗು ಹತ್ತಿಸ್ಬಿಡಿ. ನೀವೊಬ್ರೇ ಎಷ್ಟು ವರ್ಷ ಬೇಕಾದ್ರೂ ಇರಿ.”

ಮದುವೆಯಾಗಿ ಆಗಿನ್ನೂ ಐದು ತಿಂಗಳು. ಒಬ್ಬನೇ ಇರುವ ಯೋಚನೆ ನನಗೆ ಸ್ವಲ್ಪವೂ ಇರಲಿಲ್ಲ. ಆದ್ದರಿಂದಲೇ ರಾಗಿ! ಹಗಲು ಎರಡು ಮುದ್ದೆ, ರಾತ್ರಿ ಎರಡು ಮುದ್ದೆ. ಲೆಕ್ಕ ಹಾಕಿದರೆ ದೀಪಾವಳಿ ಕಳೆದ ಮಾರನೆಯ ದಿನಕ್ಕೂ ಅರ್ಧ ಮುದ್ದೆ ಮಿಗುತ್ತಿತ್ತು. ಆ ಅರ್ಧ ಮುದ್ದೆ ಯಾರಿಗೆ ಎಂಬುದನ್ನು ಮಾತ್ರ ತೀರ್ಮಾನಿಸಿರಲಿಲ್ಲ.

ಮೂರು ವಾರದಲ್ಲಿ ಮನೆಯ ಇಲಿಗಳೂ ನನ್ನ ಲೆಕ್ಕದಲ್ಲಿ ಪಾಲು ಕೇಳತೊಡಗಿದವು. ನಾನು ಹೆದರಲಿಲ್ಲ. ನಮ್ಮೂರಿನಲ್ಲಿ ರಾಗಿಯನ್ನು ಇಡುವುದು ನೆಲದೊಳಗೆ, ಹಗೇವಿನಲ್ಲಿ. ಗಡಿಗೆಯ ಆಕಾರದ ಗುಂಡಿ, ಮೇಲೆ ಚಪ್ಪಡಿ, ಸುತ್ತ ಮಣ್ಣಿನ ಮೆತ್ತು. ನಮ್ಮ ತಾತ ಮುಚ್ಚಿದ ಹಗೇವನ್ನು ನಮ್ಮಪ್ಪ ತೆಗೆದಾಗ ರಾಗಿ ಘಮ್ಮೆಂದಿತ್ತು!

“ರೀ, ಅಲ್ಲಿಯ ನೆಲವೇ ಬೇರೆ,” ಎಂದಳು ಸರೋಜ. “ಇಲ್ಲಿ ಯಾರನ್ನಾದ್ರೂ ಒಂದು ಮಾತು ಕೇಳಿ.”

“ಹಗೇವಿನ ವಿಷಯ ದ್ವೀಪದವರಿಗೇನು ಗೊತ್ತು ಕಣೇ?”

ಅವರಿಗೆ ಗೊತ್ತಿಲ್ಲದಿದ್ದುದು ಹಗೇವು. ನನಗೆ ಗೊತ್ತಿಲ್ಲದಿದ್ದುದು ದ್ವೀಪ.

ಏಪ್ರಿಲ್ ತಿಂಗಳ ನಾಲ್ಕು ಭಾನುವಾರ ಹಿತ್ತಲಿನಲ್ಲಿ ಅಗೆದೆ. ಬೊಬ್ಬೆ ಬಲಗೈಗೆ ಆರು, ಎಡಗೈಗೆ ಐದು. ಪಕ್ಕದ ಮನೆಯ ಅಪ್ಪಲಮ್ಮ ಬೇಲಿಯ ಮೇಲಿಂದ ಇಣುಕಿದಳು. ವಿಶಾಖಪಟ್ಟಣದ ಕಡೆಯವಳು, ನಮಗೂ ತೆಲುಗು ಬರುತ್ತಿದ್ದರಿಂದ ಬಂದ ದಿನವೇ ನೆಂಟಳಾಗಿದ್ದಳು.

“ಎವರಿಕಯ್ಯಾ ಈ ಗೊಯ್ಯಿ?” ಎಂದಳು. ಈ ಗುಂಡಿ ಯಾರಿಗಪ್ಪ ಎಂದು!

“ರಾಗಿಗೆ ಅಕ್ಕ.”

ಅಪ್ಪಲಮ್ಮ ಸರೋಜಳ ಮುಖ ನೋಡಿದಳು. ಸರೋಜ ಆಕಾಶ ನೋಡಿದಳು.

ಒಂದೂವರೆ ತಿಂಗಳಿಗಾಗುವಷ್ಟು ರಾಗಿಯನ್ನು ಡಬ್ಬಕ್ಕೆ ತುಂಬಿ, ಉಳಿದದ್ದನ್ನು ಎರಡು ಮೂಟೆಯಾಗಿ ಒಂದರ ಮೇಲೊಂದು ಇಳಿಸಿದೆ. ಗುಂಡಿಯ ಸುತ್ತ ಹಾಸಲು ರಾಗಿ ಹುಲ್ಲು ಸಿಗದೆ ತೆಂಗಿನ ಗರಿ ಹಾಸಿದೆ. ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿ, ಮಾವನವರಿಗೆ ಹೆಮ್ಮೆಯಿಂದ ಕಾಗದ ಬರೆದೆ.

ಮೇ ತಿಂಗಳ ನಡುವಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಬಂದರೆ ಬಂತು, ಹೋದರೆ ಹೋಯಿತು. ಇಲ್ಲಿಯ ಮಳೆಗೆ ಹೋಗುವ ಅಭ್ಯಾಸವೇ ಇಲ್ಲ! ಎಂಟನೇ ದಿನ ಬೆಳಿಗ್ಗೆ ಸರೋಜ ಹಿತ್ತಲಿನಿಂದ ಕೂಗಿದಳು.

“ರೀ, ನಿಮ್ಮ ಚಪ್ಪಡಿ ಸುತ್ತ ಪೈರು ಬಂದಿದೆ!”

ತುಂಬುವಾಗ ಚೆಲ್ಲಿದ್ದ ರಾಗಿ ಸಂದಿಯಲ್ಲಿ ಎಳೆ ಹಸುರಾಗಿ ಇಣುಕುತ್ತಿತ್ತು. ಆದರೂ ನಾನು ಕ್ರಮ ಬಿಡಲಿಲ್ಲ. ಹಗೇವಿನಲ್ಲಿ ವಿಷಗಾಳಿ ಕಟ್ಟಿರುತ್ತದೆ. ಮೊದಲು ದೀಪ ಇಳಿಸಬೇಕು. ದೀಪ ಆರಿದರೆ ಮನುಷ್ಯರು ಇಳಿಯಕೂಡದು. ಚಪ್ಪಡಿ ಸರಿಸಿ ಲಾಟೀನನ್ನು ಹಗ್ಗದಲ್ಲಿ ಇಳಿಬಿಟ್ಟೆ. ಎರಡು ಮೊಳ ಇಳಿದಿರಲಿಲ್ಲ, ದೀಪ ಆರಿತು.

“ವಿಷಗಾಳಿ! ಯಾರೂ ಹತ್ತಿರ ಬರಬೇಡಿ!” ಎಂದು ಎರಡೂ ಕೈ ಅಗಲಿಸಿ ಅಬ್ಬರಿಸಿದೆ.

“ರೀ,” ಎಂದಳು ಸರೋಜ ಶಾಂತವಾಗಿ. “ಗಾಳಿ ಚುಸ್ ಅನ್ನುತ್ತಾ?”

ಹಗ್ಗ ಎಳೆದೆ. ಲಾಟೀನಿನಿಂದ ನೀರು ಸುರಿಯಿತು!

ಕೆಳಗಿನ ಮೂಟೆ ಮುಳುಗಿ ಕೊಳೆತಿತ್ತು. ಮೇಲಿನದು ನೀರಿನಿಂದ ಅರ್ಧ ಎದ್ದು, ಗೋಣಿಯ ತುಂಬ ಮೊಳಕೆಯ ಬಿಳಿ ಗಡ್ಡ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

ಸರೋಜ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. “ಅಪ್ಪ ಹೇಳಿದ ಹಡಗು ಯಾವತ್ತು ಅಂತ ವಿಚಾರಿಸ್ಲಾ?” ಎಂದಳು. ಅವಳ ಕಣ್ಣು ತುಂಬಿತ್ತು. ಅಂದಿನ ಡೈರಿ ಪುಟ ಖಾಲಿ. ವರ್ಷದಲ್ಲಿ ಅದೊಂದೇ.

ಅಷ್ಟರಲ್ಲಿ ಅಪ್ಪಲಮ್ಮ ಬೇಲಿ ದಾಟಿ ಬಂದು ಮೇಲಿನ ಮೂಟೆಗೆ ಕೈ ಹಾಕಿ ಮೂಸಿದಳು. “ಅಳೋದ್ಯಾಕೆ? ಇದು ಮೊಳಕೆ ರಾಗಿ. ಒಣಗಿಸಿ ಬೀಸಿದ್ರೆ ಅಂಬಲಿಗೆ ಬಂಗಾರ!” ಎಂದಳು ತೆಲುಗಿನಲ್ಲಿ.

“ಈ ಮಳೇಲಿ ಒಣಗಿಸೋದೆಲ್ಲಿ?” ಎಂದೆ.

ಸರೋಜ ಕಣ್ಣೊರೆಸಿಕೊಂಡು ಎದ್ದಳು. ಅವಳು ರೇಷ್ಮೆ ಹುಳುವಿನ ಮನೆಯಲ್ಲಿ ಬೆಳೆದವಳು. ಮಳೆಗಾಲದಲ್ಲಿ ಹುಳುವಿಗೆ ಶಾಖ ಕೊಡುವಂತೆ, ಅಡಿಗೆಮನೆಯಲ್ಲಿ ಬಿದಿರಿನ ತಟ್ಟೆಗಳನ್ನು ಅಟ್ಟಣಿಗೆ ಕಟ್ಟಿ ಕೆಳಗೆ ಕೆಂಡ ಇಟ್ಟಳು. ಹೊರಗೆ ಜಗತ್ತೇ ನೆನೆಯುತ್ತಿತ್ತು. ಒಳಗೆ ಐದು ದಿನಕ್ಕೆ ರಾಗಿ ಗರಿಗರಿ!

ಆ ಹಿಟ್ಟಿನ ಅಂಬಲಿ ಸಾಲುಮನೆಗಳಲ್ಲೆಲ್ಲ ಹೆಸರಾಯಿತು. ಒಂದು ಪಾವು ಹಿಟ್ಟಿಗೆ ಒಬ್ಬರು ಮರಗೆಣಸು ಕೊಟ್ಟರು, ಒಬ್ಬರು ಮೀನು, ಒಬ್ಬರು ತೆಂಗಿನಕಾಯಿ. ಇಲ್ಲಿ ಅಗ್ಗವಾಗಿ ಬದುಕಬೇಕಾದರೆ ಇಲ್ಲಿ ಬೆಳೆಯುವುದನ್ನು ತಿನ್ನಬೇಕು ಎಂಬ ಮಹಾಸತ್ಯ ನನಗೆ ಹೊಳೆಯಿತು. ಸರೋಜಳಿಗೆ ಅದು ಮಾರ್ಚ್ ಹತ್ತರಂದೇ ಹೊಳೆದಿತ್ತಂತೆ. ನಾನು ಮುದ್ದೆಯ ಲೆಕ್ಕದಲ್ಲಿದ್ದುದರಿಂದ ಹೇಳಲಿಲ್ಲವಂತೆ.

ಗುಂಡಿ ಮುಚ್ಚೋಣವೆಂದರೆ ಅಪ್ಪಲಮ್ಮ ಎರಡು ಬಾತುಕೋಳಿ ಮರಿ ತಂದುಬಿಟ್ಟಳು. ಅವು ನೇರವಾಗಿ, ಅಂಚಿನವರೆಗೂ ಮಳೆನೀರು ತುಂಬಿದ್ದ ಹಗೇವಿಗೆ ಧುಮುಕಿದವು. ದಸರೆಯ ಹೊತ್ತಿಗೆ ಮೊಟ್ಟೆ ಶುರುವಾಯಿತು: ಮೊದಲ ವಾರ ಒಂಬತ್ತು, ಎರಡನೇ ವಾರ ಹನ್ನೊಂದು.

ದೀಪಾವಳಿಯ ಹಡಗು ಬಂತು, ಹೋಯಿತು. ಸರೋಜ ಹತ್ತಲಿಲ್ಲ. “ಬಾತುಕೋಳಿಗಳನ್ನ ಯಾರ ಕೈಲಿ ಬಿಟ್ಟು ಹೋಗ್ಲಿ?” ಎಂದಳು. ಆ ವಾಕ್ಯದಲ್ಲಿ ನನ್ನ ಹೆಸರು ಇರಲಿಲ್ಲ. ಆದರೂ ನನಗೆ ಹಬ್ಬ!

ಅವಳು ಅಪ್ಪನಿಗೆ ಬರೆದ ಕಾಗದದಲ್ಲಿ ಒಂದಕ್ಷರವೂ ಸುಳ್ಳಿಲ್ಲ: “ಇವರು ತೋಡಿದ ಹಗೇವಿನಿಂದ ಮನೆ ಚೆನ್ನಾಗಿ ನಡೆಯುತ್ತಿದೆ.”

ಇವತ್ತು ಮಾವನವರ ಉತ್ತರ ಬಂದಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು ಮಾರಲು ಬಂದವರಿಗೆಲ್ಲ ಅಳಿಯನ ಹಗೇವಿನ ಕಥೆ ಹೇಳುತ್ತಿದ್ದಾರಂತೆ. ಅಂಥದ್ದೇ ಒಂದನ್ನು ತಾವೂ ತೋಡಿಸುತ್ತಾರಂತೆ. ಆಳ ಎಷ್ಟು, ಕೂಡಲೇ ಬರೆಯಿರಿ ಎಂದಿದ್ದಾರೆ.

ಎಲ್ಲವನ್ನೂ ಬರೆದಿಡುವ ನಾನು ಅದೊಂದನ್ನು ಬರೆದಿಟ್ಟಿಲ್ಲ. ಬಾತುಕೋಳಿಗೆ ಕಾಲು ಎಟುಕುವುದಿಲ್ಲ ಎಂಬುದಷ್ಟೇ ಸದ್ಯಕ್ಕೆ ಗೊತ್ತು!